ಮಡಿ ಹೊತ್ತಿನ ನಾಡಿ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಇದಕ್ಕೆ ಲೀಡರ್‌ಶಿಪ್ ಎನ್ನುತ್ತಾರೆ, ನೆಂಟರು ಬಜಾರಿತನ ಎನ್ನುತ್ತಾರೆ. ನಮ್ಮ ಅತ್ತೆ ರುಕ್ಮಾಬಾಯಿ ಮಾತ್ರ ಎರಡನ್ನೂ ಅನ್ನದೆ, "ನಮ್ಮ ಪಾವನಾಗೆ ಕೋಪ ಮೂಗಿನ ತುದೀಲಿರತ್ತೆ ಅಷ್ಟೇ, ಮನಸ್ಸಲ್ಲಿ ಏನೂ ಇಲ್ಲ" ಎಂದು ಬಂದವರ ಮುಂದೆ ನನ್ನ ಪರ ವಹಿಸುತ್ತಿದ್ದರು. ಆ ಅತ್ತೆ ಹೋಗಿ ಇವತ್ತಿಗೆ ಹದಿನೈದು ದಿನ.

ಮೈಸೂರು ಬಿಟ್ಟು ತಮಿಳು ಸೀಮೆಯ ಈ ಮಹಾನಗರಕ್ಕೆ, ವೇಲಚೇರಿಯ ಈ ಮೂರನೇ ಮಹಡಿಯ ಫ್ಲ್ಯಾಟಿಗೆ ನಾನೂ ನನ್ನ ಗಂಡ ಸತ್ಯಾತ್ಮನೂ ಬಂದು ಒಂಬತ್ತು ವರ್ಷವಾಯಿತು. ಮಾವ ತೀರಿಕೊಂಡ ಮೇಲೆ ಅತ್ತೆಯೂ ಬಂದರು, ತಮ್ಮ ಸಾಲಿಗ್ರಾಮ, ತುಳಸಿ ಮತ್ತು ಮಡಿಯ ಸಮೇತ. ಬೆಳಿಗ್ಗೆ ಏಳಕ್ಕೆ ಸ್ನಾನ. ಬಾಲ್ಕನಿಯಲ್ಲಿ ಯಾರೂ ಮುಟ್ಟದ ಹಾಗೆ ಎತ್ತರದಲ್ಲಿ ಒಣಹಾಕಿದ ಸೀರೆಯನ್ನು ಕೋಲಿನಿಂದ ಎಳೆದುಕೊಂಡು ಉಡುವುದು. ತುಳಸಿಗೆ ಪ್ರದಕ್ಷಿಣೆ, ಅಡುಗೆ, ನೈವೇದ್ಯ. ಹನ್ನೊಂದು ಗಂಟೆಯವರೆಗೆ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ, ಅವರೂ ಏನನ್ನೂ ಮುಟ್ಟುವ ಹಾಗಿಲ್ಲ. ಆ ಹೊತ್ತಿಗೆ ನಾವಿಬ್ಬರೂ ಆಫೀಸಿನಲ್ಲಿರುತ್ತಿದ್ದೆವು.

ಏಪ್ರಿಲ್‌ನಲ್ಲಿ ಲಿಫ್ಟ್ ಕೆಟ್ಟ ದಿನ ಅತ್ತೆ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೀಲ್ಪಾಕ್‌ನಲ್ಲಿ ಹೃದಯ ನೋಡುವ ಒಬ್ಬ ಲೇಡಿ ಡಾಕ್ಟರಿದ್ದಾರೆಂದು ಕೇಳಿ ಕರೆದುಕೊಂಡು ಹೋದೆ. ಆಕೆ ಇಸಿಜಿ ನೋಡಿ, ಇದರಲ್ಲೇನೂ ಕಾಣುತ್ತಿಲ್ಲ, ಆದರೆ ಅಷ್ಟಕ್ಕೆ ನಂಬಿ ಕೂರಬೇಡಿ ಎಂದರು. ಹೆಂಗಸರ ಹೃದಯ ಗಂಡಸರದರ ಹಾಗೆ ಎದೆ ಹಿಡಿದುಕೊಂಡು ಕೂಗುವುದಿಲ್ಲವಂತೆ. ಸುಸ್ತು, ದವಡೆ ನೋವು, ಬೆನ್ನಲ್ಲಿ ಹಿಡಿತ, ಇಷ್ಟೇ. ಅದನ್ನೂ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ ಎಂದು ಆಕೆ ನಕ್ಕರು. ನಾಡಿ ಬಡಿತ ಬರೆದಿಡುವ ವಾಚುಗಳು ಈಗ ಸಿಗುತ್ತವೆ, ಒಂದನ್ನು ಕಟ್ಟಿ, ಕೆಲವು ತಿಂಗಳ ಲೆಕ್ಕ ತನ್ನಿ, ಮುಂದಿನ ಪರೀಕ್ಷೆ ಬೇಕೋ ಬೇಡವೋ ಆಗ ನೋಡೋಣ ಎಂದರು.

ಮರುದಿನವೇ ವಾಚು ತಂದೆ. ಅತ್ತೆಯ ನಾಡಿ, ನಿದ್ದೆ, ನಡೆದ ಹೆಜ್ಜೆ ಎಲ್ಲವೂ ನನ್ನ ಫೋನಿಗೆ ಬರುವ ಹಾಗೆ ಮಾಡಿಕೊಂಡೆ. ಬಡಿತ ಎಡವಿದರೆ ನನ್ನ ಫೋನು ಕೂಗಬೇಕು. ಎಲ್ಲಾ ಸರಿ, ಮಡಿಯದೇ ತಕರಾರು.

"ಅದರ ಪಟ್ಟಿ ಚರ್ಮದ್ದೇನೇ?" ಎಂದು ಕೇಳಿದರು.

"ರಬ್ಬರು ಅತ್ತೆ. ಸ್ನಾನದಲ್ಲಿ ನಿಮ್ಮ ಜೊತೆ ಅದಕ್ಕೂ ಸ್ನಾನ ಆಗತ್ತೆ. ಆಮೇಲೆ ಅದೂ ಮಡಿ, ನೀವೂ ಮಡಿ."

"ಶಾಸ್ತ್ರ ನೀನೇ ಬರೀತಿದೀಯಾ ಈಗ?"

"ಬೆಳಿಗ್ಗೆ ಆ ನಾಲ್ಕು ಗಂಟೆ ಹೊತ್ತು ಮನೇಲಿ ನಿಮ್ಮೊಬ್ಬರನ್ನೇ ಬಿಟ್ಟು ಹೋಗ್ತೀವಿ. ಆಗ ಕಟ್ಕೊಳ್ಳದೆ ಇದ್ರೆ ಇನ್ಯಾವಾಗ ಕಟ್ಕೊಳ್ತೀರಿ?"

ಅವರು "ಆಗಲಿ ಕಣೇ, ಅದೇನು ಪಾಪವೋ ನಿನಗೇ ಇರಲಿ" ಎಂದು ಕೈ ಚಾಚಿದರು. ನಾನು ಗೆದ್ದೆ ಎಂದುಕೊಂಡೆ. ಎಪ್ಪತ್ತೊಂದು ವರ್ಷದ ಮಡಿ ಹೆಂಗಸು ನನಗೋಸ್ಕರ ಒಂದು ಕಟ್ಟು ಸಡಿಲಿಸಿದರು ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ.

ಜೂನ್‌ನಲ್ಲಿ ಮೊದಲ ಸಲ ಫೋನು ಕೂಗಿತು. ಬೆಳಿಗ್ಗೆ ಒಂಬತ್ತೂವರೆ, ನಾನು ತರಮಣಿಯ ಆಫೀಸಿನಲ್ಲಿ ದೊಡ್ಡವರ ಮುಂದೆ ಮಾತಾಡುತ್ತಿದ್ದೆ. ಮಾತು ಅರ್ಧಕ್ಕೆ ಬಿಟ್ಟು ಆಟೋ ಹಿಡಿದು ಮನೆಗೆ ಓಡಿಬಂದರೆ ಅತ್ತೆ ದೇವರ ಮುಂದೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. "ಯಾಕೆ ಬಂದೆ? ಏನು ಮರೆತೆ?" ಎಂದರು. ಮೂರು ವಾರಕ್ಕೆ ಮತ್ತೆ ಅದೇ. ಆ ಸಲ ಹೊರಡುವಾಗ ಮೇಲಿನವರು ನನ್ನನ್ನು ಕರೆದು, ಮನೆಯ ತೊಂದರೆ ಇದ್ದರೆ ಈ ಪ್ರಾಜೆಕ್ಟನ್ನು ಬೇರೆಯವರಿಗೆ ಕೊಡೋಣವೇ ಎಂದು ಬಹಳ ಮೃದುವಾಗಿ ಕೇಳಿದ್ದರು. ನಾನು ಆ ಉರಿಯನ್ನು ಹೊತ್ತುಕೊಂಡೇ ಮನೆಗೆ ಬಂದೆ.

"ಏನೂ ಇಲ್ಲ ಕಣೇ, ಚೆನ್ನಾಗೇ ಇದೀನಲ್ಲ," ಎಂದರು ಅತ್ತೆ.

"ಚೆನ್ನಾಗಿದ್ರೆ ಇದ್ಯಾಕೆ ಕೂಗ್ತು? ಸಡಿಲವಾಗಿ ಕಟ್ಕೊಂಡಿರ್ತೀರಿ, ಬಿಗಿಯಾಗಿ ಕಟ್ಕೊಳ್ಳಿ ಅಂತ ಎಷ್ಟು ಸಲ ಹೇಳ್ಲಿ? ಮೂರನೇ ಸಲ ನಾನು ಹೀಗೆ ಓಡಿ ಬಂದ್ರೆ ನನ್ನ ಕೆಲಸ ಹೋಗತ್ತೆ ಅತ್ತೆ. ಗೊತ್ತಾಯ್ತಾ?"

ಅವರು ತಲೆ ಅಲ್ಲಾಡಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವರೇ ನನಗೆ ಎಷ್ಟೋ ಸಲ ಹೇಳಿದ್ದರು. ಅಂದು ನಾನು ಆಡಿದ್ದನ್ನು ಅಡುಗೆಮನೆಯ ಸಿಂಕಿನ ಹತ್ತಿರ ನಿಂತಿದ್ದ ಕೆಲಸದ ವಿಮಲಾಳೂ ಕೇಳಿಸಿಕೊಂಡಳು.

ಅದಾದ ಮೇಲೆ ಫೋನು ಒಂದು ಸಲವೂ ಕೂಗಲಿಲ್ಲ.

ನನಗೆ ಹಿಗ್ಗೋ ಹಿಗ್ಗು. ಬಿಗಿಯಾಗಿ ಕಟ್ಟಿಕೊಂಡಿದ್ದರಿಂದ ವಾಚು ದಾರಿಗೆ ಬಂತು ಎಂದುಕೊಂಡೆ. ಬೆಳಗಿನ ಹೊತ್ತಿನ ನಾಡಿಯಂತೂ ಹರೆಯದವರದರ ಹಾಗೆ ಸಮನಾಗಿ ಹೊಡೆಯುತ್ತಿತ್ತು. ಎರಡು ಸಾವಿರ, ಎರಡೂವರೆ ಸಾವಿರ ಹೆಜ್ಜೆ ಬೇರೆ. ತುಳಸಿಗೆ ಪ್ರದಕ್ಷಿಣೆ ಜಾಸ್ತಿ ಮಾಡಿದ್ದಾರೆ, ಯಾವುದೋ ವ್ರತ ಹಿಡಿದಿರಬೇಕು ಎಂದು ಸತ್ಯಾತ್ಮನಿಗೆ ಹೇಳಿದೆ. ಭಾನುವಾರ ಬೆಳಿಗ್ಗೆ ಮಾತ್ರ ವಾಚು ಚಾರ್ಜಿಗೆ ಬಿದ್ದಿರುತ್ತಿತ್ತು. "ನೀನೇ ಮನೇಲಿದೀಯಲ್ಲ, ಅದಕ್ಕೂ ಒಂದು ದಿನ ರಜ ಬೇಡ್ವಾ?" ಎನ್ನುತ್ತಿದ್ದರು ಅತ್ತೆ.

ಆಗಸ್ಟ್‌ನಲ್ಲಿ ಮತ್ತೆ ಕೀಲ್ಪಾಕ್‌ಗೆ ಹೋದೆವು. ಡಾಕ್ಟರು ನಾಲ್ಕು ತಿಂಗಳ ಗೆರೆಗಳನ್ನು ಬೆರಳಿನಿಂದ ಸರಿಸುತ್ತಾ ನೋಡಿದರು. ಜೂನ್‌ನ ಎರಡು ದಿನ ಬಿಟ್ಟರೆ ಬೆಳಗಿನ ಓಡಾಟದಲ್ಲೂ ಎಷ್ಟು ಚೆನ್ನಾಗಿದೆ ಎಂದರು. ಆಂಜಿಯೋಗ್ರಾಮ್ ಈಗಲೇ ಬೇಡ, ಆರು ತಿಂಗಳು ಬಿಟ್ಟು ನೋಡೋಣ ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, ಸುಸ್ತು ಇದೆಯೇ, ದವಡೆ ನೋಯುತ್ತದೆಯೇ ಎಂದು ತಮಿಳಿನಲ್ಲಿ ಕೇಳಿದರು. ಅತ್ತೆ ಮೊದಲು ನನ್ನ ಮುಖ ನೋಡಿದರು. ಆಮೇಲೆ "ಇಲ್ಲೇ ಇಲ್ಲಮ್ಮ" ಎಂದರು.

ಅಕ್ಟೋಬರ್‌ನ ಆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಮೀಟಿಂಗಿನ ನಡುವೆ ಫೋನು ನೋಡಿದೆ. ಎಂಬತ್ತನಾಲ್ಕು. ಹಸಿರು. ಫೋನನ್ನು ಮಗುಚಿ ಇಟ್ಟು ಕಾಫಿ ತರಿಸಿದೆ. ಹತ್ತೂಕಾಲಿಗೆ ವಿಮಲಾಳ ಫೋನು ಬಂತು.

ಅತ್ತೆ ಅಡುಗೆಮನೆಯ ನೆಲದ ಮೇಲಿದ್ದರು. ಒಲೆಯ ಮೇಲೆ ಬೇಳೆ ಸೀದು ಕರಕಾಗಿ ಪಾತ್ರೆಗೆ ಅಂಟಿತ್ತು. ಕೈಯಲ್ಲಿ ವಾಚಿತ್ತು. ಕೆಳಗಿನ ಬೀದಿಯ ಡಾಕ್ಟರು ಬಂದು ಮುಟ್ಟಿ ನೋಡಿ, ಜೀವ ಹೋಗಿ ಗಂಟೆಯ ಮೇಲಾಗಿದೆ ಎಂದರು. ಸತ್ಯಾತ್ಮ ಒಪ್ಪಲಿಲ್ಲ. ನನ್ನ ಫೋನು ಕಿತ್ತುಕೊಂಡು ಅವರಿಗೆ ತೋರಿಸಿದ. ಹತ್ತು ಗಂಟೆ ಹತ್ತು ನಿಮಿಷದವರೆಗೂ ನಾಡಿ ಸಮನಾಗಿದೆ, ಆಮೇಲೆ ಏನೂ ಇಲ್ಲ. ಆ ಡಾಕ್ಟರು ವಯಸ್ಸಾದವರು, ವಾದ ಮಾಡಲಿಲ್ಲ.

ಆವತ್ತಿನಿಂದ ನನ್ನ ಗಂಡ ಆ ಗೆರೆಯನ್ನೇ ಹಿಡಿದುಕೊಂಡ. ವಾಚಿನ ಲೆಕ್ಕವನ್ನು ತನ್ನ ಫೋನಿಗೂ ಹಾಕಿಸಿಕೊಂಡ. ಮಾತಾಡಿಸಲು ಬಂದವರಿಗೆಲ್ಲಾ ತೋರಿಸುತ್ತಿದ್ದ. "ನೋಡಿ, ಒಂದು ಏರಿಲ್ಲ, ಒಂದು ಇಳಿತ ಇಲ್ಲ. ಅಮ್ಮ ಒಂದು ಕ್ಷಣಾನೂ ನೋವು ತಿನ್ನಲಿಲ್ಲ. ದೀಪ ಆರಿದ ಹಾಗೆ ಹೋದಳು." ತಾಯಿಯ ಹತ್ತಿರ ಕೊನೆಗಳಿಗೆಯಲ್ಲಿ ಯಾರೂ ಇರಲಿಲ್ಲ ಎಂಬ ಸಂಕಟಕ್ಕೆ ಅವನಿಗೆ ಇದ್ದ ಮದ್ದು ಅದೊಂದೇ. ಅವನ ಹಾಗೆ ನಾನೂ ಅದನ್ನು ನಂಬಿದೆ.

ಹನ್ನೊಂದನೇ ದಿನ ವಿಮಲಾ ಬಚ್ಚಲಲ್ಲಿ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದಳು. ಅವಳು ಹೊಸೂರಿನ ಕಡೆಯವಳು, ಮೂವತ್ತೈದರ ಗಟ್ಟಿ ಹೆಂಗಸು. ಕನ್ನಡದಲ್ಲಿ ತಮಿಳು ಬೆರೆಸುತ್ತಾಳೆ, ಅತ್ತೆಯನ್ನು ಪಾಟಿ, ಅಂದರೆ ಅಜ್ಜಿ, ಎನ್ನುತ್ತಿದ್ದಳು. ನಮ್ಮದು ಮುಗಿಸಿ ಇದೇ ಬಿಲ್ಡಿಂಗಿನ ಇನ್ನೆರಡು ಮನೆಗಳಲ್ಲೂ ಕೆಲಸ ಮಾಡುತ್ತಾಳೆ. ನಾನು ಲೋಟ ಕೊಡಲು ಬಗ್ಗಿದಾಗ ಅವಳ ಎಡಗೈ ಮಣಿಕಟ್ಟು ಕಂಡಿತು. ಬೆರಳಗಲದ ಪಟ್ಟಿಯಷ್ಟು ಚರ್ಮ ಬಿಳಚಿಕೊಂಡಿತ್ತು. ಸೋಪಿನ ನೀರು ನಿಂತು ನಿಂತು ಸುಲಿದಿತ್ತು. ನಡುವೆ ಹತ್ತು ರೂಪಾಯಿ ನಾಣ್ಯದಷ್ಟು ಒಂದು ಗುಂಡು ಗುರುತು.

ನಾನು ನೋಡಿದ್ದನ್ನು ಅವಳೂ ನೋಡಿದಳು. ಕೈಯನ್ನು ಬಕೆಟ್ಟಿನ ನೀರಿನೊಳಗೆ ಮುಳುಗಿಸಿದಳು.

"ವಿಮಲಾ, ಅತ್ತೆ ವಾಚು ನೀನು ಕಟ್ಕೋತಿದ್ಯಾ?"

ಅವಳು ಅಲ್ಲೇ ಅಳುವುದಕ್ಕೆ ಶುರುಮಾಡಿದಳು. ದಿನಾ ಅವಳು ಬರುವುದು ಆರೂವರೆಗೆ, ನಾವಿಬ್ಬರೂ ಹೊರಡುವ ಗಡಿಬಿಡಿಯಲ್ಲಿರುವಾಗ. ಸ್ನಾನಕ್ಕೆ ಹೋಗುವ ಮೊದಲು ಅತ್ತೆ ವಾಚು ಬಿಚ್ಚಿ ಅವಳಿಗೆ ಕೊಡುತ್ತಿದ್ದರು. ಅವಳು ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಪಾತ್ರೆ ತಿಕ್ಕಿ, ನೆಲ ಒರೆಸಿ, ಕೆಳಗಿನ ಎರಡು ಮನೆಗಳ ಮೆಟ್ಟಿಲು ಹತ್ತಿಳಿದು, ಹನ್ನೊಂದಕ್ಕೆ ತಂದು ಕೊಡುತ್ತಿದ್ದಳು. ನಾನು ತುಳಸಿ ಪ್ರದಕ್ಷಿಣೆ ಎಂದುಕೊಂಡದ್ದು ಅದನ್ನೇ. ಅಂದು ಕೆಳಗಿನ ಮನೆಯ ಕೆಲಸ ಬೇಗ ಮುಗಿದು ಹತ್ತಕ್ಕೇ ಮೇಲೆ ಬಂದವಳು, ನೆಲದ ಮೇಲೆ ಬಿದ್ದಿದ್ದ ಅತ್ತೆಯನ್ನು ಅಲ್ಲಾಡಿಸಿ ನೋಡಿ, ಮೈ ತಣ್ಣಗಾಗಿದ್ದು ತಿಳಿದು, ಮೊದಲು ವಾಚನ್ನು ಅವರ ಕೈಗೆ ಕಟ್ಟಿ, ಆಮೇಲೆ ನನಗೆ ಫೋನು ಮಾಡಿದ್ದಳು.

"ಹಾಳು ಮಡಿ," ಎಂದೆ. "ಈ ಹಾಳು ಮಡಿಗೆ ಜೀವಾನೇ ಕೊಟ್ಟುಬಿಟ್ರಲ್ಲ."

"ಮಡಿ ಇಲ್ಲೆ ಅಕ್ಕಾ, ಮಡಿಯಿಂದ ಅಲ್ಲ," ಎಂದಳು ವಿಮಲಾ. "ನಾನೂ ಮೊದ್ಲು ಅದೇ ಅನ್ಕೊಂಡೆ. ಮುಂಚೆ ಮಡೀಲೂ ಕಟ್ಕೊಂಡೇ ಇದ್ರು ಪಾಟಿ. ನೀವು ಕೋಪ ಮಾಡಿದ್ರಲ್ಲ, ಅದರ ಮಾರನೇ ದಿನ ಬಿಚ್ಚಿ ಕೊಟ್ರು. ಬೆಳಿಗ್ಗೆ ಸ್ನಾನ ಆದ್ಮೇಲೇನೇ ಅವರಿಗೆ ನೋವು ಬರೋದು ಅಕ್ಕಾ. ಇಲ್ಲಿ." ಅವಳು ಒದ್ದೆ ಕೈಯಿಂದ ತನ್ನ ದವಡೆ ಮುಟ್ಟಿಕೊಂಡಳು. "ಒಂದಿನ ಗೋಡೆ ಹಿಡ್ಕೊಂಡು ನಿಂತಿದ್ರು. ಅಕ್ಕಂಗೆ ಸೊಲ್ಲಟ್ಟುಮಾ, ಹೇಳ್ತೀನಿ ಅಂದೆ. ಬೇಡ ಕಣೇ, ಎರಡು ಸಲ ಓಡಿ ಬಂದಿದಾಳೆ, ಮೂರನೇ ಸಲ ಬಂದ್ರೆ ಅವಳ ಕೆಲಸ ಹೋಗತ್ತೆ ಅಂದ್ರು. ನಿಂದು ಚೆನ್ನಾಗಿ ಹೊಡ್ಕೊಳತ್ತೆ, ನೀನೇ ಕಟ್ಕೋ, ಅವಳು ಅಲ್ಲಿ ನೆಮ್ಮದಿಯಾಗಿರ್ಲಿ ಅಂದ್ರು."

ನಾನು ಬಚ್ಚಲ ಹೊಸ್ತಿಲ ಮೇಲೆ ಕೂತೆ. ಅವಳ ಮೇಲೆ ಕೂಗಬೇಕೆನಿಸಿತು. ಅವಳ ತಪ್ಪು ಏನೆಂದು ಕೂಗಲಿ? ದೊಡ್ಡವರು ಹೇಳಿದ ಮಾತು ಕೇಳಿದಳು. ಡಾಕ್ಟರದೂ ತಪ್ಪಿಲ್ಲ, ನಾನು ತೋರಿಸಿದ್ದನ್ನು ನೋಡಿದರು. ವಾಚಿನದಂತೂ ಏನೇನೂ ತಪ್ಪಿಲ್ಲ. ಅದು ಅತ್ತೆಯ ಕೈಯಲ್ಲಿದ್ದಾಗ ಎರಡು ಸಲ ಸರಿಯಾಗಿಯೇ ಕೂಗಿತ್ತು. ಅದರ ಬಾಯಿ ಮುಚ್ಚಿಸಿದವಳು ನಾನು. ಅತ್ತೆ ನನಗೆ ಹೆದರಿದರೆಂದು ತಿಳಿದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಹೆದರಿರಲಿಲ್ಲ, ನನ್ನ ಮೇಲೆ ಕನಿಕರಪಟ್ಟಿದ್ದರು. ಅದನ್ನು ನನ್ನಿಂದ ತಡೆದುಕೊಳ್ಳುವುದಕ್ಕೆ ಆಗುತ್ತಿಲ್ಲ.

ಸತ್ಯಾತ್ಮನಿಗೆ ಅಂದೇ ಹೇಳಬೇಕೆಂದುಕೊಂಡೆ. ಹನ್ನೆರಡನೇ ದಿನ ಆಗಲಿಲ್ಲ, ಕರ್ಮದ ಗಡಿಬಿಡಿ. ಹದಿಮೂರನೇ ದಿನ ವೈಕುಂಠ ಸಮಾರಾಧನೆಗೆ ಬಂದ ನೆಂಟರಿಗೆ ಎಲೆಯ ಮುಂದೆಯೇ ಅವನು ಆ ಗೆರೆ ತೋರಿಸುತ್ತಿದ್ದ. ಒಬ್ಬ ಅಜ್ಜಿ, "ಪುಣ್ಯವಂತೆ, ನರಳಲಿಲ್ಲ" ಎಂದರು. ಅವನ ಮುಖದಲ್ಲಿ ಹನ್ನೆರಡು ದಿನದಿಂದ ಇಲ್ಲದ ಒಂದು ನಿರಾಳ ಕಂಡಿತು. ನಾನು ಬಡಿಸುವುದಕ್ಕೆ ಪಾಯಸದ ಪಾತ್ರೆ ಎತ್ತಿಕೊಂಡೆ.

ನಿನ್ನೆ ಬೆಳಿಗ್ಗೆ ಅವನು ಅತ್ತೆಯ ಬೀರು ತೆಗೆದು ಸಾಮಾನು ವಿಂಗಡಿಸುತ್ತಿದ್ದ. ಸೀರೆಗಳು ಅವನ ಅಕ್ಕನಿಗೆ, ಜಪಮಣಿ ದೇವರ ಮನೆಗೆ. ಕೊನೆಗೆ ಕೈಗೆ ಬಂದದ್ದು ವಾಚು. ಚಾರ್ಜು ಮಾಡಿ ಒರೆಸಿ ಇಟ್ಟಿದ್ದ. ವಿಮಲಾಳನ್ನು ಕರೆದ.

"ಅಮ್ಮನ ನೆನಪಿಗೆ ನೀನೇ ಇಟ್ಕೊಳ್ಳಮ್ಮ. ಅವಳನ್ನ ಕೊನೇಲಿ ನೋಡಿದವಳು ನೀನು. ನಿನ್ನ ಆರೋಗ್ಯಾನೂ ನೋಡ್ಕೊಂಡ ಹಾಗಾಗತ್ತೆ."

ವಿಮಲಾ ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡಳು. "ವೇಂಡಾಂ ಸಾರ್, ಬೇಡ."

"ಸಂಕೋಚ ಯಾಕೆ? ಕೊಡು ಕೈ."

ಅವಳು ನನ್ನನ್ನು ನೋಡಿದಳು. ಅತ್ತೆ ಡಾಕ್ಟರ ಮುಂದೆ ನೋಡಿದ ಹಾಗೆಯೇ, ನಾನು ಏನು ಹೇಳಲಿ ಎಂಬ ನೋಟ. ನಾನು ಮಡಿಚಿಟ್ಟ ಸೀರೆಯನ್ನೇ ಮತ್ತೆ ಬಿಡಿಸಿ ಮಡಿಚತೊಡಗಿದೆ. ಅವಳು ಬಲಗೈ ಚಾಚಿದಳು, ಎಡಗೈಯನ್ನು ಸೆರಗಿನಲ್ಲೇ ಉಳಿಸಿಕೊಂಡಳು. ಸತ್ಯಾತ್ಮ ತಾನೇ ಪಟ್ಟಿ ಕಟ್ಟಿದ.

ವಾಚಿನ ಅಡಿಯಲ್ಲಿ ಹಸಿರು ಬೆಳಕು ಹತ್ತಿತು. ಮೇಜಿನ ಮೇಲಿದ್ದ ಅವನ ಫೋನಿನಲ್ಲಿ ರುಕ್ಮಾಬಾಯಿ ಎಂಬ ಹೆಸರಿನ ಕೆಳಗೆ ಅಂಕಿ ಮೂಡಿತು. ಎಂಬತ್ತನಾಲ್ಕು. ಗೆರೆ ಮೆಲ್ಲಗೆ ಮುಂದಕ್ಕೆ ಹರಿಯತೊಡಗಿತು. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ. ಕಣ್ಣು ತುಂಬಿಕೊಂಡಿತು.

"ಆವತ್ತೂ ಇಷ್ಟೇ ಇತ್ತು, ಅಲ್ವಾ ಪಾವನಾ? ನೀನು ಮೀಟಿಂಗಲ್ಲಿ ನೋಡಿದಾಗ?"

ವಿಮಲಾ ತಲೆ ಎತ್ತಲಿಲ್ಲ.

"ಹೌದು ರೀ," ಎಂದೆ. "ಇಷ್ಟೇ ಇತ್ತು."