ಈರುಳ್ಳಿ ಮಿಷನ್ನಿಗೊಂದು ಪರೀಕ್ಷೆ

ಕಡೂರು ಬಸ್‌ಸ್ಟ್ಯಾಂಡ್ ಹಿಂದೆ ಮೂವತ್ತು ವರ್ಷ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡಿದವನು ನಾನು, ತೀರ್ಥಪ್ಪ. ನನ್ನ ವೈರಿಂಗ್‌ಗೆ ಬೆರಳು ತೋರಿಸಿದವರು ಇನ್ನೂ ಹುಟ್ಟಿಲ್ಲ. ಈಗ ಶಿವನಿ ಹತ್ತಿರದ ಎಕ್ಸ್-ರೇ ಸಂಶೋಧನಾ ಕೇಂದ್ರದಲ್ಲಿ ಕಂಟ್ರೋಲ್ ಪ್ಯಾನೆಲ್ ಕೆಲಸ. ಈರುಳ್ಳಿಯನ್ನು ಕೊಯ್ಯದೆಯೇ ಒಳಗೆ ಕೊಳೆತಿದೆಯೋ ಇಲ್ಲವೋ ನೋಡುವ ಮಿಷನ್ ಅಲ್ಲಿದೆ. ಮೊನ್ನೆಯವರೆಗೂ ಒಂದೊಂದು ಗೆಡ್ಡೆಯನ್ನೂ ಕೈಯಲ್ಲಿ ಇಟ್ಟು, ಬಾಗಿಲು ಹಾಕಿ, ಗುಂಡಿ ಒತ್ತಿ, ಮತ್ತೆ ಬಾಗಿಲು ತೆಗೆದು ತಿರುಗಿಸಬೇಕಿತ್ತು. ದಿನಕ್ಕೆ ಮೂವತ್ತು ಗೆಡ್ಡೆ ಆದರೆ ಹೆಚ್ಚು.

ಅದನ್ನು ಬದಲಾಯಿಸಿದವಳು ಲಿಂಗದಹಳ್ಳಿಯ ಮಧುಶ್ರೀ, ನಮ್ಮ ಕಂಟ್ರೋಲ್ ಇಂಜಿನಿಯರ್. ಅವಳ ಪ್ರೋಗ್ರಾಂನಲ್ಲಿ ಟ್ರೇ ತಾನೇ ಒಳಗೆ ಹೋಗುತ್ತದೆ, ಗೆಡ್ಡೆ ತಾನೇ ತಿರುಗುತ್ತದೆ. ಟ್ರೇ ಹೋಗುವ ಕಿಂಡಿಯ ಎರಡೂ ಕಡೆ ಗಾಜಿನ ಕಣ್ಣುಗಳಿವೆ. ಒಂದರಿಂದ ಹೊರಟ ಬೆಳಕು ಇನ್ನೊಂದಕ್ಕೆ ಮುಟ್ಟಿದರೆ ಮಾತ್ರ ಎಕ್ಸ್-ರೇ ಹತ್ತುತ್ತದೆ. ನಡುವೆ ಯಾರದಾದರೂ ಕೈ ಬಂದರೆ ತಟ್ಟನೆ ನಿಲ್ಲುತ್ತದೆ.

ಒಂದೂವರೆ ವರ್ಷ ಒದ್ದಾಡಿದ್ದಳು ಹುಡುಗಿ. ಮೊನ್ನೆ ಸುರಕ್ಷತೆ ಪರೀಕ್ಷೆ ಮಾಡಲು ಗಂಗಾಧರಯ್ಯ ಎಂಬ ಹಿರಿಯರು ಬಂದರು. ಅವರು ಒಪ್ಪಿದರೆ ಮಿಷನ್ ಓಡುತ್ತದೆ. ಇಲ್ಲವೆಂದರೆ ಅವಳ ಪ್ರೋಗ್ರಾಂ ಮೂಲೆಗೆ, ಮತ್ತೆ ಕೈಯಲ್ಲೇ ತಿರುಗಿಸುವ ಕೆಲಸ.

ಬೆಳಿಗ್ಗೆ ಎಂಟಕ್ಕೆ ಓಡಿಸಿ ನೋಡಿದಾಗ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿತ್ತು. ಹನ್ನೊಂದಕ್ಕೆ ಗಂಗಾಧರಯ್ಯನವರ ಮುಂದೆ ಗುಂಡಿ ಒತ್ತಿದರೆ, ಊಹೂಂ! ಕೆಂಪು ದೀಪ. ಪರದೆಯ ಮೇಲೆ ‘ಕಿಂಡಿ ಖಾಲಿ ಇಲ್ಲ’ ಎಂಬ ಸಾಲು. ಕಿಂಡಿಯಲ್ಲಿ ಯಾರ ಕೈಯೂ ಇರಲಿಲ್ಲ.

“ತೀರ್ಥಪ್ಪಣ್ಣ, ಅಲ್ಲಿ ವೈರ್ ಏನಾದ್ರೂ ಸಡ್ಲ ಆಗಿದ್ಯಾ ನೋಡ್ತೀರಾ?” ಎಂದಳು ಮಧುಶ್ರೀ.

ನನಗೆ ಪಿತ್ತ ನೆತ್ತಿಗೇರಿತು. “ನನ್ ವೈರಾ? ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ! ಮೊದ್ಲು ನಿನ್ ಪ್ರೋಗ್ರಾಂ ನೋಡ್ಕೊಳಮ್ಮ!” ಎಂದು ಎಲ್ಲರೆದುರೂ ಕೂಗಾಡಿದೆ. ಅವಳು ಕಣ್ಣು ತುಂಬಿಕೊಂಡು ಕಂಪ್ಯೂಟರ್ ಕಡೆ ತಿರುಗಿದಳು.

ಗಂಗಾಧರಯ್ಯ ಗಡಿಯಾರ ನೋಡಿದರು. “ಕೆಟ್ಟಿದ್ದಕ್ಕೆ ಬೇಜಾರಿಲ್ಲಮ್ಮ. ಯಾಕೆ ಕೆಡ್ತು ಅಂತ ಗೊತ್ತಾಗ್ದಿದ್ರೆ ಮಾತ್ರ ನಾನು ಸೈನ್ ಹಾಕಲ್ಲ. ಅರ್ಧ ಗಂಟೆ ಕೊಡ್ತೀನಿ.”

ನಾನು ಗೊಣಗುತ್ತ ಟಾರ್ಚ್ ಹಿಡಿದು ಕಿಂಡಿಗೆ ಬಗ್ಗಿದೆ. ಅಯ್ಯೋ ಶಿವನೇ! ಗಾಜಿನ ಕಣ್ಣಿನ ಮೇಲೆ ಮೂರು ಬಿಳಿ ಗೆರೆ. ಬೆಳಿಗ್ಗೆ ಪೂಜೆ ಮುಗಿಸಿ ಬಂದವನು, ಮಗು ಕಷ್ಟಪಟ್ಟಿದೆ, ಒಳ್ಳೆಯದಾಗಲಿ ಎಂದು ಮಿಷನ್ನಿನ ಮೈಗೆಲ್ಲ ಒದ್ದೆ ವಿಭೂತಿ ಹಚ್ಚಿದ್ದೆ. ಎಂಟು ಗಂಟೆಗೆ ಇನ್ನೂ ಹಸಿ ಇದ್ದಾಗ ಬೆಳಕು ದಾಟಿತ್ತು. ಈಗ ಒಣಗಿ, ಸುಣ್ಣ ಹೊಡೆದಂತೆ ಬೆಳ್ಳಗಾಗಿ ಅಡ್ಡ ನಿಂತಿತ್ತು.

ಟವೆಲ್ ಹೆಗಲ ಮೇಲೇ ಇತ್ತು. ಒಂದು ಸಲ ಒರೆಸಿದರೆ ಯಾವ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ, ನನ್ನ ಮಾನ ಉಳಿಯುತ್ತಿತ್ತು. ಆದರೆ ಯಾಕೆ ಕೆಟ್ಟಿತು ಎಂಬ ಉತ್ತರವೂ, ಅವಳ ಒಂದೂವರೆ ವರ್ಷವೂ ಅದರ ಜೊತೆಗೇ ಹೋಗುತ್ತಿದ್ದವು. ಕೈ ಟವೆಲ್ಲಿನವರೆಗೆ ಹೋದದ್ದು ನಿಜ, ಸುಳ್ಳು ಹೇಳುವುದಿಲ್ಲ.

“ಸ್ವಾಮಿ, ತಪ್ಪು ನಂದು. ಹುಡುಗೀದಲ್ಲ,” ಎಂದೆ. ಕಿವಿ ಕಾದುಹೋಗಿತ್ತು. “ಅದರ ಕಣ್ಣಿಗೇ ವಿಭೂತಿ ಹಚ್ಬಿಟ್ಟಿದೀನಿ ಕಣ್ರೀ.”

ಗಂಗಾಧರಯ್ಯ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ಕಣ್ಣು ಕಾಣ್ದಿದ್ರೆ ಮಿಷನ್ ಹತ್ಬಾರ್ದು. ಹತ್ಲಿಲ್ಲ! ಇಂಥ ಪರೀಕ್ಷೆ ನನ್ ತಲೆಗೇ ಹೊಳೆದಿರ್ಲಿಲ್ಲ. ಒರ್ಸಿ ನೋಡೋಣ.”

ಒರೆಸಿದೆ. ಹಸಿರು ದೀಪ. “ಇನ್ನೊಂದ್ಸಲ ಹಚ್ರೀ!” ಹಚ್ಚಿ ಫ್ಯಾನಿನ ಗಾಳಿಗೆ ಒಣಗಿಸಿದೆವು. ಕೆಂಪು. ಒರೆಸಿದೆ, ಹಸಿರು. ಮೂರು ಸಲ ಮಾಡಿಸಿ, ನಗುತ್ತಲೇ ಸೈನ್ ಹಾಕಿದರು. ಟ್ರೇ ಸರಸರ ಒಳಗೆ ಹೋಯಿತು, ಈರುಳ್ಳಿ ತಿರುಗಿತು, ಪರದೆಯಲ್ಲಿ ಅದರ ಪದರ ಪದರವೂ ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಗೋಡೆ ಪಕ್ಕ ನಿಂತಿದ್ದೆ. ಮಧುಶ್ರೀ ನೇರ ನನ್ನ ಹತ್ತಿರ ಬಂದಳು.

“ತಪ್ಪಾಯ್ತು ಕಣವ್ವ. ನಾಲಿಗೆ ಉದ್ದ ಮಾಡ್ಬಿಟ್ಟೆ,” ಎಂದೆ. ಅರವತ್ತು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಬೇಕಾದರೆ ನನ್ನ ಹೆಂಡತಿ ಕಲ್ಲಮ್ಮನನ್ನು ಕೇಳಿ.

ಅವಳು ಕೂದಲು ಹಿಂದಕ್ಕೆ ಸರಿಸಿ ಹಣೆ ಮುಂದೆ ಮಾಡಿದಳು. “ಇಲ್ಲಿ ಹಚ್ಚಿ, ಅಣ್ಣ. ಎಷ್ಟು ಹಚ್ಚಿದ್ರೂ ನಾನಂತೂ ನಿಲ್ಲಲ್ಲ.”