ಸೊನ್ನೆ ಪಾಯಿಂಟ್ ನಾಲ್ಕು

“ಬಂತು,” ಎಂದ ಮೂಗುರಾಯ.

ಏನೂ ಬಂದಿರಲಿಲ್ಲ. ತಗಡಿನ ಕೊಳವೆಯ ಬಾಯಿಗೆ ಮೂಗೊಡ್ಡಿ, ಕಣ್ಣು ಅರ್ಧ ಮುಚ್ಚಿ, ಎರಡೇ ಬೆರಳಲ್ಲಿ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತಾ ಬಂದು, ಮುಳ್ಳು ಸೊನ್ನೆ ಪಾಯಿಂಟ್ ನಾಲ್ಕನ್ನು ಮುಟ್ಟಿದ ಕೂಡಲೇ ಕೈ ನಿಲ್ಲಿಸಿ ಹಾಗೆಂದಿದ್ದ. ಇಪ್ಪತ್ತಾರು ವರ್ಷದ ಅಭ್ಯಾಸ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎದುರಿಗಿದ್ದ ತಪಾಸಣೆಯ ಅಧಿಕಾರಿ ಮುಳ್ಳು ನೋಡಿ, ಗಡಿಯಾರ ನೋಡಿ, ತನ್ನ ಹಾಳೆಯಲ್ಲಿ ಬರೆದುಕೊಂಡಳು. ಆಮೇಲೆ ಕರವಸ್ತ್ರ ತೆಗೆದು ಎರಡು ಸಲ ಸೀನಿದಳು.

“ಮೂರು ದಿನದಿಂದ ನೆಗಡಿ,” ಎಂದಳು. “ನೆಗಡಿ ಇದ್ದವರು ಮೂಸಬಾರದು ಅಂತ ನಿಯಮ ಬರೆದಿರೋದೂ ನಮ್ಮ ಇಲಾಖೆಯೇ. ಇಲ್ದಿದ್ರೆ ನಾನೂ ಒಂದ್ಸಲ ನೋಡ್ತಿದ್ದೆ.”

“ಮೂಸೋಕೆ ನಮ್ಮ ರಾಯರಿದ್ದಾರಲ್ಲ ಮೇಡಂ,” ಎಂದ ಸೂಪರ್‌ವೈಸರ್. ಅವನು ಬಾಗಿಲ ಹೊರಗೆ ನಿಂತು ಫೋನಿನಲ್ಲಿ ಮುಳುಗಿದ್ದ. “ಇವರ ಮೂಗು ಅಂದ್ರೆ ಕಂಪನಿ ಆಸ್ತಿ.”

ಕೊಳವೆಯಲ್ಲಿ ಮನೆಮನೆಗೆ ಹೋಗುವ ಗ್ಯಾಸಿಗೆ ತನ್ನದೆಂಬ ವಾಸನೆ ಇಲ್ಲ. ಸೋರಿದರೆ ಜನಕ್ಕೆ ಗೊತ್ತಾಗಲಿ ಎಂದು ಕಂಪನಿಯ ಗ್ಯಾಸ್ ಸ್ಟೇಷನ್ನಿನಲ್ಲಿ ಒಂದು ಪಂಪು ಅದಕ್ಕೆ ತೊಟ್ಟು ತೊಟ್ಟಾಗಿ ಒಂದು ಎಣ್ಣೆ ಬೆರೆಸುತ್ತದೆ. ಕೊಳೆತ ಮೊಟ್ಟೆಯೇ ವಾಸಿ ಅನ್ನಿಸುವಂಥ ನಾತ. ಕೆಲಸದವರ ಬಾಯಲ್ಲಿ ಅದರ ಹೆಸರೇ ಗಬ್ಬೆಣ್ಣೆ. ಬೆರೆಸಿದ್ದು ಊರಿನ ಕೊನೆಯ ಮನೆಯವರೆಗೆ ತಲುಪಿದೆಯೋ ಇಲ್ಲವೋ ಎಂದು ವಾರಕ್ಕೊಮ್ಮೆ ನಾಲ್ಕು ಕಡೆ ಮೂಸಿ ನೋಡಬೇಕು. ಅದಕ್ಕೊಂದು ಡಬ್ಬಿ ಇದೆ. ಗುಂಡಿ ತಿರುಗಿಸಿದಷ್ಟೂ ಗಾಳಿಯಲ್ಲಿ ಗ್ಯಾಸಿನ ಪಾಲು ಹೆಚ್ಚುತ್ತದೆ. ವಾಸನೆ ಮೊದಲು ಎಲ್ಲಿ ತಾಗಿತೋ ಆ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಒಂದು ಎಂಬಲ್ಲಿ ಕೆಂಪು ಗೆರೆ. ಗೆರೆಯೊಳಗೆ ವಾಸನೆ ಬಂದರೆ ಊರಿಗೆ ಊರೇ ನಿಶ್ಚಿಂತೆಯಿಂದ ಇರಬಹುದು. ಗೆರೆ ದಾಟಿಯೂ ಬರದಿದ್ದರೆ, ಗ್ಯಾಸು ಸೋರಿದ್ದು ತಿಳಿಯುವ ಮೊದಲೇ ಯಾರೋ ಕಡ್ಡಿ ಗೀರಿಬಿಡಬಹುದು. ಇಷ್ಟೊಂದು ಯಂತ್ರಗಳಿರುವ ಕಂಪನಿಯಲ್ಲಿ ಈ ಒಂದು ಕೆಲಸಕ್ಕೆ ಮನುಷ್ಯನ ಮೂಗೇ ಆಗಬೇಕು. ಅಡುಗೆಮನೆಯಲ್ಲಿ ನಿಂತು ಮೂಸುವವರೂ ಮನುಷ್ಯರೇ ತಾನೆ.

ಹಾಜರಿ ಪುಸ್ತಕದಲ್ಲಿ ಮೂಗುರಾಯನಿಗೆ ಬೇರೆ ಹೆಸರಿತ್ತು. ಅದನ್ನು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಒಮ್ಮೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಸರಕ್ಕನೆ ಬ್ರೇಕು ಹಾಕಿ, ಮೂರು ಮನೆ ಹಿಂದಕ್ಕೆ ನಡೆದು, ಕಾಂಪೌಂಡಿನ ಬುಡದ ಒಂದು ಬಿರುಕಿಗೆ ಬೆರಳು ತೋರಿಸಿ “ಇಲ್ಲಿ ಅಗೀರಿ” ಎಂದಿದ್ದ. ಅಗೆದರೆ ಅಲ್ಲೇ ಸೋರುತ್ತಿತ್ತು. ಆವತ್ತಿನಿಂದ ಅವನು ಮೂಗುರಾಯ. ಅವನಿಗೂ ಅದು ಹಿತವಾಗಿತ್ತು. ಹೊಸಬರ ಎದುರು ಸ್ವಲ್ಪ ಜಂಬವನ್ನೂ ಕೊಚ್ಚಿಕೊಳ್ಳುತ್ತಿದ್ದ, ಸುಳ್ಳೇಕೆ.

ಆ ಮೂಗು ಸತ್ತು ಆರು ತಿಂಗಳಾಗಿತ್ತು. ಒಂದು ವಾರದ ಜ್ವರ ಬಂದು ಹೋಯಿತು, ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. “ಬರಬಹುದು, ಬರದೆಯೂ ಇರಬಹುದು” ಎಂದಿದ್ದ ಡಾಕ್ಟರ್. ಆ ಮಾತು ಹೇಳಲು ಡಾಕ್ಟರೇ ಬೇಕಿತ್ತೇ ಎಂದು ಮೂಗುರಾಯ ಹಲ್ಲು ಕಡಿದುಕೊಂಡು ಎದ್ದು ಬಂದಿದ್ದ. ಅಂದಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಮೂಸುವ ಚಟ ಹತ್ತಿತು. ಬೆಳಗ್ಗೆ ಎದ್ದರೆ ಸೋಪು, ಆಮೇಲೆ ಹಲ್ಲುಜ್ಜುವ ಪೇಸ್ಟು, ಶೂ ಪಾಲಿಶು, ಒದ್ದೆ ಟವೆಲು, ಬಸ್ಸಿನಲ್ಲಿ ಮುಂದೆ ನಿಂತವರ ತಲೆಯ ಎಣ್ಣೆ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದದ್ದೇ ಬಂತು. ಹೇಳಿಬಿಡೋಣ ಎಂದು ಎಷ್ಟೋ ಸಲ ಸೂಪರ್‌ವೈಸರನ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದ. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಮೂಗಿಲ್ಲದ ಮೂಗುರಾಯನಿಗೆ ಗೇಟಿನ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸುತ್ತಾರೆ, ಇಲ್ಲವೇ ಮನೆಗೆ ಕಳಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಅವಮಾನ ಎಂದು ಅವನಿಗೆ ತೀರ್ಮಾನಿಸಲಾಗಿರಲಿಲ್ಲ.

ಮೊದಮೊದಲು ಅಂದಾಜು ಕೈಹಿಡಿಯಿತು. ಪಂಪು ನಿಮಿಷಕ್ಕೆ ಎಷ್ಟು ತೊಟ್ಟು ಹಾಕಿದರೆ ಯಾವ ಮೂಲೆಯಲ್ಲಿ ಎಷ್ಟಕ್ಕೆ ವಾಸನೆ ಬರುತ್ತದೆಂಬುದು ಅವನಿಗೆ ಬಾಯಿಪಾಠ. ಪಂಪಿನ ಮುಂದೆ ನಿಂತು ಎಣಿಸುತ್ತಿದ್ದ, ಪಾಯಿಂಟ್ ನಾಲ್ಕು ಎಂದು ಬರೆಯುತ್ತಿದ್ದ. ಎರಡು ತಿಂಗಳ ಹಿಂದೆ ಊರಿನ ಈ ತುದಿಗೆ, ಅವನ ಸ್ವಂತ ಬೀದಿಯೂ ಸೇರಿ, ಹೊಸ ಪೈಪು ಬಂದಾಗ ಆ ಅಂದಾಜೆಲ್ಲ ತಲೆಕೆಳಗಾಯಿತು. ಹೊಸ ಪೈಪು ವಾಸನೆಯನ್ನು ಕುಡಿಯುತ್ತದೆ. ಎಷ್ಟು ಕುಡಿಯುತ್ತದೆ, ಎಷ್ಟು ದಿನ ಕುಡಿಯುತ್ತದೆ ಎಂದು ಎಣಿಸಿ ಹೇಳಲಾಗದು, ಮೂಸಿಯೇ ತಿಳಿಯಬೇಕು.

ಹೆದರಿಕೆಯಿಂದ ಅವನು ಸೂಪರ್‌ವೈಸರಿಗೆ ಹೇಳಿಯೂ ಇದ್ದ. “ಸಾರ್, ಹೊಸ ಲೈನು. ಎಣ್ಣೆ ಸ್ವಲ್ಪ ಜಾಸ್ತಿ ಬಿಡೋಣ.”

ಸೂಪರ್‌ವೈಸರ್ ರಿಜಿಸ್ಟರನ್ನು ಅವನತ್ತ ತಿರುಗಿಸಿದ್ದ. “ನಿಮ್ಮ ಕೈಬರಹವೇ ಅಲ್ವಾ ಇದು? ಪಾಯಿಂಟ್ ನಾಲ್ಕು. ಚೆನ್ನಾಗೇ ಬರ್ತಿದೆಯಲ್ಲ. ಜಾಸ್ತಿ ಬಿಟ್ರೆ ಊರವರೆಲ್ಲ ನಾತ ನಾತ ಅಂತ ಫೋನ್ ಮಾಡ್ತಾರೆ. ಆಮೇಲೆ ನೀವು ಉತ್ತರ ಕೊಡ್ತೀರಾ?”

ತಾನೇ ಬರೆದ ಅಂಕಿಯ ಮೇಲೆ ರಿಜಿಸ್ಟರ್ ಮುಚ್ಚಿಟ್ಟು ಅವನು ಹೊರಬಂದಿದ್ದ.

ಈಗ ಅದೇ ರಿಜಿಸ್ಟರ್ ಅಧಿಕಾರಿಯ ಕೈಯಲ್ಲಿತ್ತು. ಬೀದಿಯ ಕೊನೆಯಲ್ಲಿ ಡಬ್ಬಿ ಇಟ್ಟಿದ್ದ ಪುಟ್ಟ ಗೂಡಿನಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಅವಳು ಗೋಡೆಗೆ ಒರಗಿ ಪುಟ ತಿರುವಿದಳು. ಮೂವತ್ತು ದಾಟಿರದ ಹೆಣ್ಣುಮಗಳು. ಅವಸರ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

“ಮುಂಚೆ ಪಾಯಿಂಟ್ ಮೂರು, ಪಾಯಿಂಟ್ ಐದು, ಒಂದ್ಸಲ ಪಾಯಿಂಟ್ ಆರೂ ಇದೆ. ಈ ಆರು ತಿಂಗಳು ನಾಲ್ಕೂ ಕಡೆ ಪಾಯಿಂಟ್ ನಾಲ್ಕೇ.”

“ಅಷ್ಟು ಅಚ್ಚುಕಟ್ಟಾಗಿ ಇಟ್ಕೊಂಡಿದ್ದೀವಿ ಅಂತ ಅರ್ಥ ಮೇಡಂ,” ಎಂದ ಸೂಪರ್‌ವೈಸರ್.

“ಹೊಸ ಪೈಪು ಹಾಕಿದ ವಾರದಲ್ಲೂ?”

ಸೂಪರ್‌ವೈಸರ್ ನಕ್ಕ. ಅವಳು ನಗಲಿಲ್ಲ. “ವರ್ಷಕ್ಕೊಮ್ಮೆ ಇವರ ಮೂಗು ಪರೀಕ್ಷೆ ಆಗ್ಬೇಕು. ಹೋದ ತಿಂಗಳು ಆಗಿದೆ ಅಂತ ಸಹಿ ಇದೆ. ಯಾರು ಮಾಡಿದ್ದು?”

“ನಾನೇ.”

“ಹೇಗೆ ಮಾಡಿದ್ರಿ?”

“ಇವರ ಮೂಗಿಗೆ ಪರೀಕ್ಷೆನಾ ಮೇಡಂ? ಇಪ್ಪತ್ತಾರು ವರ್ಷ ಸರ್ವೀಸು.”

ಅವಳು ಏನೋ ಬರೆದುಕೊಂಡು ರಿಜಿಸ್ಟರ್ ಮುಚ್ಚಿದಳು. ಹೊರಗೆ ಬಂದು ಕಾರಿನ ಬಾಗಿಲು ಹಿಡಿದವಳು ಮೂಗುರಾಯನನ್ನು ನೋಡಿ, “ನನ್ನ ಮೂಗು ಕಟ್ಟಿದೆ. ನೀವು ಬಂತು ಅಂದ್ರಿ, ನಾನು ಬಂತು ಅಂತ ಬರ್ಕೊಂಡೆ. ಸಂಜೆವರೆಗೂ ಸ್ಟೇಷನ್ನಲ್ಲೇ ಕೂತು ವರದಿ ಬರೀತಿರ್ತೀನಿ,” ಎಂದು ತನ್ನ ನಂಬರಿದ್ದ ಚೀಟಿ ಕೊಟ್ಟಳು.

ಸೂಪರ್‌ವೈಸರನನ್ನೂ ಹತ್ತಿಸಿಕೊಂಡು ಕಾರು ಹೋಯಿತು. ಮೂಗುರಾಯ ಡಬ್ಬಿಯನ್ನು ಒರೆಸಿದ, ಗೂಡಿಗೆ ಬೀಗ ಹಾಕಿದ, ಬೀಗವನ್ನು ಎಳೆದು ನೋಡಿದ. ಇನ್ನೊಮ್ಮೆ ಎಳೆದು ನೋಡಿದ. ಗಂಡಾಂತರ ದಾಟಿತು ಎಂದು ಹಾಯಾಗಬೇಕಿತ್ತು, ಆಗಲಿಲ್ಲ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗಂಟೆ ನಾಲ್ಕೂವರೆ, ಮನೆ ಇದೇ ಬೀದಿಯಲ್ಲಿ. ಹೋಗಿ ಒಂದು ಲೋಟ ಚಹಾ ಕುಡಿದರೆ ಸರಿಹೋದೀತು ಎಂದು ನಡೆದ.

ಪಕ್ಕದ ಮನೆಯ ಬಾಣಂತಿ ಗೇಟಿನ ಹತ್ತಿರ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು. ಮಗುವಿಗೆ ಆರು ವಾರ. ಅವಳು ಅವನನ್ನು ದೊಡ್ಡಪ್ಪ ಎನ್ನುತ್ತಿದ್ದಳು, ನೆರೆಮನೆಯ ಸಲಿಗೆಯಲ್ಲಿ ಬಂದ ನಂಟು.

“ಇವತ್ತು ಬೇಗ ಬಂದ್ರಾ ದೊಡ್ಡಪ್ಪ? ನಿಮ್ಮ ಪೈಪ್ ಗ್ಯಾಸು ಬಂದ್ಮೇಲೆ ಎಷ್ಟು ಸುಖ ಗೊತ್ತಾ. ಸಿಲಿಂಡರ್ ಥರ ಗಬ್ಬು ಹೊಡೆಯೋದೇ ಇಲ್ಲ. ಬೆಳಗ್ಗೆ ಗುಂಡಿ ತಿರುಗಿಸಿ ಮಗು ಅತ್ತಿತು ಅಂತ ಹಂಗೇ ಒಳಗೆ ಹೋಗಿಬಿಟ್ಟಿದ್ದೆ. ಬಂದು ನೋಡಿದ್ರೆ ಒಲೆ ಹಚ್ಚೇ ಇಲ್ಲ. ಒಂಚೂರೂ ವಾಸನೆ ಇಲ್ಲ ನೋಡಿ.”

“ಆಮೇಲೆ?” ಎಂದ ಮೂಗುರಾಯ.

“ಆಮೇಲೇನು, ಕಿಟಕಿ ತೆಗ್ದಿತ್ತು. ಹಚ್ಚಿದೆ.”

ಅವನು ತನ್ನ ಮನೆಯ ಮೆಟ್ಟಿಲು ಹತ್ತಿದ. ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದ. ಹೆಂಡತಿ ಚಹಾಕ್ಕೆ ನೀರಿಟ್ಟು ಲೈಟರ್ ಕೈಗೆತ್ತಿಕೊಂಡಿದ್ದಳು.

“ಹಚ್ಚಬೇಡ. ಅದನ್ನ ಇಲ್ಲಿ ಕೊಡು.”

“ಏನ್ರೀ ಇದು, ಚಪ್ಪಲಿ ಹಾಕ್ಕೊಂಡು...”

ಅವನು ಲೈಟರ್ ಕಿತ್ತು ಜೇಬಿಗೆ ಹಾಕಿಕೊಂಡ. ಕಿಟಕಿಯ ಎರಡೂ ಬಾಗಿಲು ತೆರೆದ, ಹಿತ್ತಿಲ ಬಾಗಿಲನ್ನೂ ತೆರೆದ. ಪಾತ್ರೆ ಇಳಿಸಿ ಒಲೆಯ ಗುಂಡಿಯನ್ನು ಒಂದಿಷ್ಟೇ ತಿರುಗಿಸಿದ. ಬರ್ನರಿನಿಂದ ಸುಯ್ ಎಂದು ಸಣ್ಣ ಸದ್ದು ಬಂತು. “ಇಲ್ಲಿ ಬಗ್ಗು. ಮೂಸು. ಏನೇನು ವಾಸನೆ ಬರುತ್ತೆ, ಎಲ್ಲ ಹೇಳು.”

ಅವಳು ಅವನ ಮುಖ ನೋಡಿ ತಮಾಷೆಯಲ್ಲ ಎಂದು ತಿಳಿದು ಬಗ್ಗಿದಳು.

“ಪಾತ್ರೆ ತೊಳೆದ ಸೋಪು,” ಎಂದಳು. “ಒದ್ದೆ ಒರೆಸು ಬಟ್ಟೆ, ಅದನ್ನ ನಾಳೆ ಕುದಿಸ್ಬೇಕು. ಹಿಂದಿನ ಮನೇಲಿ ಯಾರೋ ಈರುಳ್ಳಿ ಹುರೀತಿದ್ದಾರೆ. ನಿಮ್ಮ ಅಂಗಿ ಬೆವರು.”

“ಇನ್ನೂ?”

“ಚಹಾಪುಡಿ.”

“ಇನ್ನೂ?”

“ಇನ್ನೇನೂ ಇಲ್ಲ ರೀ.”

ಅವನು ಗುಂಡಿ ಮುಚ್ಚಿದ. ಹತ್ತು ಮಾರು ದೂರದ ಈರುಳ್ಳಿಯನ್ನು ಹಿಡಿದ ಮೂಗಿಗೆ ಗೇಣು ದೂರದ ಗ್ಯಾಸು ಸಿಕ್ಕಿರಲಿಲ್ಲ.

ಅವಳು ನೆಟ್ಟಗೆ ನಿಂತು ಸೆರಗಿನಿಂದ ಕೈ ಒರೆಸಿಕೊಂಡಳು. “ಹಾಲು ಸೀದು ಮನೆಯೆಲ್ಲ ಹೊಗೆ ತುಂಬಿದ ದಿನ ನೀವು ಇಲ್ಲೇ ಕೂತು ಪೇಪರ್ ಓದ್ತಿದ್ರಿ. ಆವತ್ತೇ ನಂಗೆ ಗೊತ್ತಾಯ್ತು. ನೀವಾಗಿ ಹೇಳ್ತೀರಿ ಅಂತ ಕಾದೆ. ಕೆಲಸದಲ್ಲಿ ಬೇರೆ ಯಾರ ಹತ್ರನೋ ಮೂಸಿಸ್ತಿದ್ದೀರಿ ಅಂದ್ಕೊಂಡಿದ್ದೆ.”

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ. ಆರು ತಿಂಗಳು ಒಂದೇ ಸೂರಿನಡಿ ಇಬ್ಬರೂ ಒಬ್ಬರಿಗೊಬ್ಬರು ಬಚ್ಚಿಟ್ಟು ಬಾಳಿದ್ದರು.

“ಹೇಳಿದ್ರೆ ಕೆಲಸ ಹೋಗುತ್ತೆ ಕಣೇ,” ಎಂದ.

“ಹೋಗುತ್ತೆ,” ಎಂದಳು ಅವಳು. ಆಮೇಲೆ ಕಿಟಕಿಯಾಚೆ ತಂತಿಯ ಮೇಲೆ ಆಡುತ್ತಿದ್ದ ಮಗುವಿನ ಬಟ್ಟೆ ನೋಡುತ್ತಾ, “ನಾನು ಹೋಗಿ ಆ ಹುಡುಗಿಗೆ ಒಲೆ ಹಚ್ಬೇಡ ಅಂತ ಹೇಳ್ತೀನಿ. ನೀವು ಫೋನ್ ಮಾಡಿ,” ಎಂದು ಹೊರಟಳು.

ಅವನು ಹಿತ್ತಿಲಿಗೆ ಹೋಗಿ ಚೀಟಿಯ ನಂಬರ್ ಒತ್ತಿದ.

“ಮೇಡಂ, ಹೊಸ ಲೈನಲ್ಲಿ ವಾಸನೆ ಇಲ್ಲ.”

ಆ ಕಡೆ ಕಾಗದದ ಸದ್ದು ನಿಂತಿತು. “ಅರ್ಧ ಗಂಟೆ ಮುಂಚೆ ಪಾಯಿಂಟ್ ನಾಲ್ಕು ಅಂದ್ರಿ.”

“ಅಂದೆ.”

“ಈಗ ಯಾರು ಮೂಸಿದ್ದು?”

“ನನ್ನ ಹೆಂಡತಿ.”

“ನೀವು?”

ಹೇಳಲು ಆರು ತಿಂಗಳು ಕಟ್ಟಿಟ್ಟುಕೊಂಡಿದ್ದ ಮಾತುಗಳು, ಜ್ವರ, ಡಾಕ್ಟರು, ನಾಲ್ಕು ವರ್ಷ, ಎಲ್ಲ ಎಲ್ಲೋ ಹೋದವು. “ನಂಗೆ ಮೂಗಿಲ್ಲ ಮೇಡಂ. ಜ್ವರ ಬಂದಾಗಿಂದ. ಪಾಯಿಂಟ್ ನಾಲ್ಕು ಅನ್ನೋದು ನಾನು ಬರೀತಿದ್ದಿದ್ದು, ಬರ್ತಿದ್ದಿದ್ದಲ್ಲ.”

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಗೂಡಿನ ಹತ್ರ ಇರಿ,” ಎಂದಳು.

ಹದಿನೈದು ನಿಮಿಷದಲ್ಲಿ ಕಾರು ಬಂತು. ಹಿಂದಿನ ಸೀಟಿನಿಂದ ಸೂಪರ್‌ವೈಸರ್ ಇಳಿದ, ಮುಖ ಕೆಂಪಗಾಗಿತ್ತು. ಹತ್ತಿರ ಬಂದವನು ತಗ್ಗಿದ ದನಿಯಲ್ಲಿ, “ಕತ್ತು ಕೊಯ್ದ್ರಲ್ಲ ರಾಯರೇ,” ಎಂದ. ಮೂಗುರಾಯ ತಲೆ ತಗ್ಗಿಸಿ ಬೀಗ ತೆಗೆದ.

“ನೆಗಡಿ ಇದೆಯಾ ನಿಮಗೆ?” ಎಂದು ಅಧಿಕಾರಿ ಸೂಪರ್‌ವೈಸರನನ್ನು ಕೇಳಿದಳು.

“ಇಲ್ಲ.”

“ಹಾಗಾದ್ರೆ ಮೂಸಿ. ಗುಂಡಿ ಇವರೇ ತಿರುಗಿಸ್ಲಿ, ಕೈ ಪಳಗಿದೆ.”

ಸೂಪರ್‌ವೈಸರ್ ಆ ಡಬ್ಬಿಯ ಮುಂದೆ ಬಗ್ಗಿದ್ದು ಅದೇ ಮೊದಲು. ಮೂಗನ್ನು ಎಷ್ಟು ಹತ್ತಿರ ಒಡ್ಡಬೇಕೆಂದು ತಿಳಿಯದೆ ಒದ್ದಾಡಿದ. ಮೂಗುರಾಯ ಅವನ ತಲೆಯನ್ನು ಮೆತ್ತಗೆ ಒಂದಿಷ್ಟು ಹಿಂದಕ್ಕೆ ಸರಿಸಿ, ಎರಡು ಬೆರಳಲ್ಲಿ ಗುಂಡಿ ಹಿಡಿದ. ಮುಳ್ಳು ಎದ್ದಿತು. ಪಾಯಿಂಟ್ ನಾಲ್ಕಕ್ಕೆ ಬಂದಾಗ ಕೈ ತನ್ನಷ್ಟಕ್ಕೆ ನಿಂತಿತು.

“ಬಂತಾ ಸಾರ್?”

“ಇಲ್ಲ.”

ಪಾಯಿಂಟ್ ಆರು. ಪಾಯಿಂಟ್ ಎಂಟು. ಸೂಪರ್‌ವೈಸರ್ ಎರಡೂ ಸಲ ತಲೆಯಾಡಿಸಿದ. ಮುಳ್ಳು ಕೆಂಪು ಗೆರೆಯ ಮೇಲೆ ಬಂದು ನಿಂತಿತು.

“ಈಗ?”

“ಇಲ್ಲ,” ಎಂದ ಅವನು ಮೂಗೆತ್ತದೆ.

ಬಾಗಿಲ ಹೊರಗೆ ನಿಂತಿದ್ದ ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಸ್ಟೇಷನ್ನಿಗೆ ಫೋನು ಹಚ್ಚಿದಳು. ಹೊರಗೆ ಬೀದಿಯಲ್ಲಿ ಮೂಗುರಾಯನ ಹೆಂಡತಿ ಒಂದೊಂದೇ ಗೇಟು ತೆರೆಯುತ್ತಾ, ಬಾಗಿಲು ಬಡಿಯುತ್ತಾ ಈ ಕಡೆಗೆ ಬರುತ್ತಿದ್ದಳು. ಇನ್ನೂ ಏಳೆಂಟು ಮನೆ ಉಳಿದಿದ್ದವು. ಸಂಜೆ ಅಡುಗೆಯ ಹೊತ್ತು. ಅವಳಿನ್ನೂ ತಲುಪಿರದ ಯಾವುದೋ ಮನೆಯ ಕಿಟಕಿಯಿಂದ ಲೈಟರಿನ ಸದ್ದು ಕೇಳಿಸಿತು. ಟಕ್. ಮೂವರೂ ಆ ಕಡೆ ತಿರುಗಿದರು. ಟಕ್. ಅಧಿಕಾರಿಯ ಫೋನಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಟಕ್.

ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಾಯಿತು. ಆಮೇಲೆ ನಲ್ಲಿಯ ನೀರು, ಯಾರದೋ ಮಾತು. ಮೂಗುರಾಯ ಸೂಪರ್‌ವೈಸರನ ತಲೆಯನ್ನು ಮತ್ತೆ ಕೊಳವೆಯತ್ತ ಬಗ್ಗಿಸಿ, ಗುಂಡಿಯನ್ನು ಇನ್ನಷ್ಟು ತಿರುಗಿಸಿದ.