ಆಷಾಢಕ್ಕೆ ಮುಂಚಿನ ಶುಕ್ರವಾರ

ದೊಡ್ಡಬಳ್ಳಾಪುರದಲ್ಲಿ ಮಗ್ಗ ಇರುವ ಮನೆಗಳಿಗೇನೂ ಬರವಿಲ್ಲ. ಆದರೆ ಗೂಗಲ್‌ನಲ್ಲಿ ಈ ಊರಿನ ರೇಷ್ಮೆ ಸೀರೆ ಹುಡುಕಿದರೆ ಎಲ್ಲರಿಗಿಂತ ಮೊದಲು ಬರುತ್ತಿದ್ದುದು ಕೊಂಡಪ್ಪನವರ ಮನೆಯ ಹೆಸರು. ಆ ಜಾಗ ಸುಮ್ಮನೆ ಸಿಕ್ಕಿದ್ದಲ್ಲ. ಸೊಸೆ ರೂಪ ಮದುವೆಯಾಗಿ ಬಂದ ವರ್ಷ ಶುರು ಮಾಡಿದ ವೆಬ್‌ಸೈಟು ಅದು. ಸೀರೆಗೊಂದು ಪುಟ, ಅಂಚು ಎಂಥದ್ದು, ಒಗೆಯುವುದು ಹೇಗೆ, ಯಾವ ಮೈಬಣ್ಣಕ್ಕೆ ಒಪ್ಪುತ್ತದೆ ಎಂದೆಲ್ಲ ಕೂತು ಬರೆದಿದ್ದಳು. ಓದಿದವರು ಇನ್ನೊಬ್ಬರಿಗೆ ಕಳಿಸಿ, ಅವರು ಮತ್ತೊಬ್ಬರಿಗೆ ಕಳಿಸಿ, ವರ್ಷಗಟ್ಟಲೆ ನಡೆದ ಮೇಲೆ ಬಂದ ಜಾಗ. ಅದರಿಂದಲೇ ಆ ಮನೆಯ ಮಗ್ಗಗಳು ಸ್ವಂತ ಸೀರೆ ನೇಯುತ್ತಿದ್ದವು. ಬೀದಿಯ ಉಳಿದವರೆಲ್ಲ ವ್ಯಾಪಾರಿ ಕೊಟ್ಟ ನೂಲು ನೇಯ್ದು ಕೂಲಿ ಪಡೆಯುತ್ತಿದ್ದಾಗ ಕೊಂಡಪ್ಪನವರು ಎದೆಯುಬ್ಬಿಸಿ ಓಡಾಡುತ್ತಿದ್ದರೆಂದರೆ ಅದಕ್ಕೆ ಕಾರಣ ಸೊಸೆ. ಅದನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ, ಆ ಮಾತು ಬೇರೆ.

ಈಚೆಗೆ ಸೈಟು ಫೋನಿನಲ್ಲಿ ತೆರೆಯಲು ತಿಣುಕುತ್ತಿತ್ತು, ದುಡ್ಡು ಕಟ್ಟುವ ಹೊತ್ತಿಗೆ ಕೈಕೊಡುತ್ತಿತ್ತು. ಹೊಸ ಸೈಟು ಕಟ್ಟಿ ಎಲ್ಲವನ್ನೂ ಅಲ್ಲಿಗೆ ಸಾಗಿಸಲು, ಬಸ್ ಸ್ಟಾಂಡಿನ ಹತ್ತಿರ ವೆಬ್‌ಸೈಟು ಮಾಡಿಕೊಡುವ ಆಫೀಸು ಇಟ್ಟಿದ್ದ ಹರಿಪ್ರಸಾದನಿಗೆ ಹೇಳಿದರು. ಅವನು ಮೊದಲೇ ಎಚ್ಚರಿಸಿದ್ದ.

“ಅಕ್ಕ, ಹೊಸದು ಕಟ್ಟೋದು ದೊಡ್ಡ ಕೆಲ್ಸ ಅಲ್ಲ. ಹಳೇ ಪುಟದ ಒಂದೊಂದು ವಿಳಾಸನೂ ಹೊಸ ಪುಟಕ್ಕೆ ಜೋಡಿಸ್ಬೇಕು. ಹಳೇ ಲಿಂಕ್ ಒತ್ತಿದೋರು ತಾನಾಗೇ ಹೊಸದಕ್ಕೆ ಬರ್ಬೇಕು. ಇಲ್ದಿದ್ರೆ ಗೂಗಲ್‌ಗೂ ಜನಕ್ಕೂ ನಾವು ಅಂಗಡಿ ಎತ್ಬಿಟ್ವಿ ಅಂತ್ಲೇ ಲೆಕ್ಕ. ನಂಗಿನ್ನೆರಡು ವಾರ ಕೊಡಿ.”

ಎರಡು ವಾರ ಕಳೆದರೆ ಆಷಾಢ. ಕೊಂಡಪ್ಪನವರು ಅದಕ್ಕೆ ಮುಂಚಿನ ಶುಕ್ರವಾರಕ್ಕೆ ಮುಹೂರ್ತ ಕೇಳಿಕೊಂಡು ಬಂದಿದ್ದರು. ಆಷಾಢದಲ್ಲಿ ಹೊಸದೊಂದನ್ನು ತೆರೆಯುವವರುಂಟೆ? ಶ್ರಾವಣಕ್ಕೆ ಎಂದರೆ ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರ ತಲೆಯ ಮೇಲೆ ಬಂದಿರುತ್ತದೆ.

“ಮಾವ, ಕೆಲ್ಸ ಇನ್ನೂ ಮುಗ್ದಿಲ್ವಂತೆ,” ಎಂದಳು ರೂಪ.

“ಮುಹೂರ್ತ ಮೀರ್ಸೋಕಾಗ್ತದೇನಮ್ಮ? ಉಳಿದಿದ್ದು ಆಮೇಲೆ ಮಾಡ್ಕೊಳ್ಳಿ.”

ಶುಕ್ರವಾರ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಹೊಸ ಸೈಟು ತೆರೆದರು. ಕೊನೆಯ ಲಗ್ನ ಎಂದು ಊರೆಲ್ಲ ಮದುವೆಗಳು; ಹರಿಪ್ರಸಾದ ಆವತಿಯಲ್ಲಿ ಯಾರದೋ ಧಾರೆಗೆ ಹೋಗಿದ್ದ. ಕೊಂಡಪ್ಪನವರು ಸೊಸೆಯ ಬೆನ್ನ ಹಿಂದೆಯೇ ನಿಂತಿದ್ದರು.

“ಇನ್ನು ಹಳೇದನ್ನ ತೆಗೆದ್ಬಿಡು.”

“ಇನ್ನೊಂದಷ್ಟು ದಿನ ಇರ್ಲಿ ಮಾವ.”

“ಹಳೇ ಮನೆ ಬಾಗ್ಲು ತೆಕ್ಕೊಂಡೇ ಇರ್ಲಿ ಅಂತ ಬಿಟ್ಟು ಹೊಸ ಮನೇಲಿ ಹಾಲು ಉಕ್ಸ್ತಾರಾ? ತೆಗಿ ಅಂದ್ರೆ ತೆಗಿ.”

ನೆಂಟರು ನೋಡುತ್ತಿದ್ದರು. ನಾಲ್ಕು ಜನರ ಮುಂದೆ ಮಾವನಿಗೆ ಎದುರಾಡುವ ಸೊಸೆ ಆ ಬೀದಿಯಲ್ಲಿ ಇನ್ನೂ ಕಾಲಿಟ್ಟಿರಲಿಲ್ಲ. ರೂಪ ಹಳೆಯ ಖಾತೆಯನ್ನು ಅಳಿಸಿದಳು. ಜೋಡಿಸಬೇಕಿದ್ದ ವಿಳಾಸಗಳೂ ಅದರ ಜೊತೆಗೇ ಹೋದವು.

ಹರಿಪ್ರಸಾದ ಬಂದು ನೋಡಿ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ಇಬ್ಬರೂ ಸೇರಿ ಹಳೇ ವಾಟ್ಸಾಪ್ ಮೆಸೇಜುಗಳನ್ನು ಕೆದಕಿ ಸಿಕ್ಕಷ್ಟು ವಿಳಾಸ ಹೆಕ್ಕಿ ಜೋಡಿಸುತ್ತಾ ಹೋದರು. ಅಷ್ಟರಲ್ಲಿ ಗೂಗಲ್‌ನಲ್ಲಿ ಹೆಸರು ಜಾರತೊಡಗಿತ್ತು. ಮೊದಲ ಪುಟದಿಂದ ಎರಡನೆಯದಕ್ಕೆ, ಅಲ್ಲಿಂದ ಎಲ್ಲಿಗೋ. ರೂಪ ದಿನಾ ಬೆಳಿಗ್ಗೆ ಹಾಲು ಕಾಯಲು ಇಟ್ಟು ತನ್ನ ಮನೆಯ ಹೆಸರನ್ನು ತಾನೇ ಹುಡುಕುತ್ತಿದ್ದಳು. ತಾಲ್ಲೂಕು ಕಚೇರಿಯಾಗಿದ್ದರೆ ಯಾವುದಾದರೂ ಮೇಜಿನ ಮುಂದೆ ನಿಂತು ಗೋಗರೆಯಬಹುದಿತ್ತು, ಜಗಳವಾದರೂ ಆಡಬಹುದಿತ್ತು. ಇಲ್ಲಿ ಹೋಗಿ ನಿಲ್ಲಲು ಒಂದು ಬಾಗಿಲೂ ಇಲ್ಲ. ಮಾವನ ಮೇಲೆ ಬರುತ್ತಿದ್ದ ಸಿಟ್ಟು, ಅವರು ಊಟ ಬಿಟ್ಟು ಕೂತದ್ದನ್ನು ಕಂಡರೆ, ಅಲ್ಲಿಯೇ ಕರಗಿ ಅಳುವಾಗುತ್ತಿತ್ತು.

ಶ್ರಾವಣ ಬಂತು. ಪ್ರತಿ ಹಬ್ಬಕ್ಕೂ ತಪ್ಪದೆ ಸೀರೆ ತರಿಸುತ್ತಿದ್ದ ಮೈಸೂರಿನ ಶಶಿರೇಖಾ ಅವರಿಗೆ ರೂಪಳೇ ಫೋನು ಮಾಡಿದಳು.

“ಅಯ್ಯೋ, ನೀವಿದೀರಾ? ಲಿಂಕ್ ಒತ್ತಿದ್ರೆ ಏನೂ ಇಲ್ಲ ಅಂತ ಬಂತಲ್ಲಮ್ಮ. ಮುಚ್ಚಿದ್ರೇನೋ ಅಂತ ಬೇರೆ ಕಡೆ ತಗೊಂಡ್ಬಿಟ್ಟೆ,” ಎಂದರು ಅವರು.

ಹಬ್ಬ ಕಳೆಯಿತು. ಮಡಿಸಿಟ್ಟ ಸೀರೆಗಳು ಬೀರುವಿನಲ್ಲೇ ಉಳಿದವು, ಮಗ್ಗಗಳು ಒಂದೊಂದಾಗಿ ನಿಂತವು. ಒಂದು ಮಧ್ಯಾಹ್ನ ಕೊಂಡಪ್ಪನವರು ಯಾರಿಗೂ ಹೇಳದೆ ವ್ಯಾಪಾರಿ ಮುನಿಶಾಮಪ್ಪನ ಅಂಗಡಿಗೆ ಹೋಗಿ ಬಂದರು. ಬಂದವರು ಸೊಸೆಯ ಮುಖ ನೋಡದೆ ಹೇಳಿದರು:

“ನಾಳೆಯಿಂದ ಅವರ ನೂಲು ನೇಯೋದು. ಆದ್ರೆ ಕೂಲಿ ನೇಯೋರು ಸ್ವಂತ ವ್ಯಾಪಾರ ಇಟ್ಕೊಬಾರ್ದಂತೆ. ಅದೇನಿದೆ ನಿಂದು ಸೈಟು, ಅದನ್ನ ನಿಲ್ಸ್ಬೇಕು. ನಾನು ಒಪ್ಪಿ ಬಂದ್ಬಿಟ್ಟೆ ಕಣಮ್ಮ.”

ರೂಪ ಹೂಂ ಎಂದಳು. ಬೇರೆ ಏನು ತಾನೆ ಹೇಳುತ್ತಾಳೆ? ಮಗ್ಗ ನಿಂತರೆ ಒಲೆ ನಿಲ್ಲುವ ಮನೆ.

ಮಾರನೆಯ ದಿನ ಹರಿಪ್ರಸಾದನ ಫೋನು ಬಂತು. ಅವನ ದನಿಯಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಗೆಲುವಿತ್ತು.

“ಅಕ್ಕ, ನೋಡಿದ್ರಾ? ಜೋಡಿಸಿದ ಪುಟಗಳು ಹಿಡ್ಕೊಂಡಿವೆ. ಗೂಗಲ್‌ನಲ್ಲಿ ಮತ್ತೆ ಎರಡನೇ ಪುಟಕ್ಕೆ ಬಂದ್ಬಿಟ್ಟಿದೀವಿ. ದೀಪಾವಳಿ ಹೊತ್ಗೆ ಮೊದಲಿನ ಜಾಗಕ್ಕೇ ಬರ್ತೀವಿ, ನೋಡ್ತಿರಿ.”

ರೂಪ ಫೋನನ್ನು ಕಿವಿಗೆ ಒತ್ತಿಕೊಂಡು ಹೊರಗೆ ಬಂದಳು. ಗಂಡ ಭೀಮರಾಜ್ ಟೆಂಪೋದಿಂದ ಮುನಿಶಾಮಪ್ಪನ ನೂಲನ್ನು ಇಳಿಸಿಕೊಳ್ಳುತ್ತಿದ್ದ. ಮಾವ ಅದಕ್ಕೆ ದಾರಿ ಮಾಡಿಕೊಟ್ಟು ಬಾಗಿಲ ಪಕ್ಕ ಸರಿದು ನಿಂತಿದ್ದರು.

“ಹರಿ,” ಎಂದಳು, “ಅದನ್ನ ಮುಚ್ಚಿಬಿಡಪ್ಪ.”